ಕುರ್ಚಿಗೆ ಹೆಸರಿಡುವ ಮುನ್ನ: ಪೀಠೋಪಕರಣ ಮಾಡಿ ಮಾರುವವರಿಗೊಂದು ಮಾರ್ಗದರ್ಶಿ

ಮರಗೆಲಸದ ಶೆಡ್ ಇಟ್ಟುಕೊಂಡವರು, ಇನ್‌ಸ್ಟಾಗ್ರಾಂನಲ್ಲಿ ಸೋಫಾ, ಮಂಚ ಮಾರುವವರು ಪದೇ ಪದೇ ಕೇಳುವ ಪ್ರಶ್ನೆ ಇದು: "ನಮ್ಮ ಐಟಂಗಳಿಗೆ ಏನು ಹೆಸರಿಡೋದು?" ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಇಕಿಯಾದವರು ಬಾಯಿಗೆ ಬಾರದ ಆ ಹೆಸರುಗಳನ್ನೆಲ್ಲ ಎಲ್ಲಿಂದ ತರ್ತಾರೆ?" 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಸ್ವೀಡನ್ ಮೂಲದ ಈ ಪೀಠೋಪಕರಣ ಕಂಪನಿಯ ಮಳಿಗೆ ಶುರುವಾದಾಗಿನಿಂದ ಈ ಎರಡನೆಯದು ಹೆಚ್ಚು ಕೇಳಿಬರುತ್ತಿದೆ.

ಎರಡೂ ಪ್ರಶ್ನೆಗೆ ಒಂದೇ ಉತ್ತರ ಸಾಕು. ಚೆಂದದ ಹೆಸರು ಹುಡುಕುತ್ತ ಕೂತರೆ ಐದನೇ ಐಟಂಗೆ ತಲೆ ಖಾಲಿಯಾಗುತ್ತದೆ. ಮೊದಲು ಒಂದು ನಿಯಮ ಮಾಡಿಕೊಳ್ಳಿ, ಹೆಸರುಗಳು ಅದರಿಂದ ತಾವಾಗಿ ಹುಟ್ಟುತ್ತವೆ. ದೊಡ್ಡ ಕಂಪನಿಗಳು ಮಾಡುವುದೂ ಇದನ್ನೇ.

ಬೇಕಾಗುವ ಸಾಮಗ್ರಿ

ನೀವು ಮಾರುವ ಎಲ್ಲ ವಸ್ತುಗಳ ಪಟ್ಟಿ. ಒಂದು ಸ್ಪ್ರೆಡ್‌ಶೀಟ್, ಇಲ್ಲವೇ ಗೆರೆ ಎಳೆದ ರಿಜಿಸ್ಟರ್. ಹಿಂದಿ, ತಮಿಳು, ತೆಲುಗು, ಮಲಯಾಳಂ ಮನೆಮಾತಾಗಿರುವ ನಾಲ್ಕೈದು ಪರಿಚಿತರು. ಟ್ರೇಡ್‌ಮಾರ್ಕ್ ಹುಡುಕಲು ಇಂಟರ್ನೆಟ್. ಹೆಸರನ್ನು ನೋಂದಾಯಿಸುವ ಹಂತ ಬರುವವರೆಗೆ ಜೇಬಿಗೆ ಕೈ ಹಾಕಬೇಕಿಲ್ಲ. ಕನ್ಸಲ್ಟೆಂಟ್ ಬೇಕೇ ಎಂದು ಕೇಳುವವರಿದ್ದಾರೆ. ಇಪ್ಪತ್ತು, ಮೂವತ್ತು ಐಟಂ ಇರುವ ಅಂಗಡಿಗೆ ಖಂಡಿತ ಬೇಡ.

ಹಂತ 1: ಹೆಸರಿನ ಕೆಲಸ ಬೇರೆ, ಕೋಡ್‌ನ ಕೆಲಸ ಬೇರೆ

ಅನೇಕರ ಕ್ಯಾಟಲಾಗಿನಲ್ಲಿ 'ಎಸ್‌ಎಫ್–203' ಎಂದಷ್ಟೇ ಇರುತ್ತದೆ. ಇದಕ್ಕೆ ಎಸ್‌ಕೆಯು ಎನ್ನುತ್ತಾರೆ. ದಾಸ್ತಾನಿನಲ್ಲಿರುವ ಒಂದೊಂದು ವಸ್ತುವನ್ನೂ ಬಣ್ಣ, ಅಳತೆ ಸಮೇತ ಗುರುತಿಸುವ ಸಂಕೇತ ಅದು. ಗೋದಾಮಿಗೆ, ಬಿಲ್ಲಿಂಗ್‌ಗೆ ಅದು ಬೇಕೇ ಬೇಕು. ಆದರೆ ಯಾವ ಗಿರಾಕಿಯೂ ಮನೆಗೆ ಹೋಗಿ "ಎಸ್‌ಎಫ್–203 ನೋಡಿಕೊಂಡು ಬಂದೆ" ಎನ್ನುವುದಿಲ್ಲ.

ಇಂಗ್ವಾರ್ ಕಾಂಪ್ರಾಡ್ 1943ರಲ್ಲಿ, ತನ್ನ 17ನೇ ವಯಸ್ಸಿನಲ್ಲಿ ಇಕಿಯಾ ಶುರುಮಾಡಿದ. ಕಂಪನಿಯ ಹೆಸರೇ ನಾಲ್ಕು ಮೊದಲಕ್ಷರಗಳ ಜೋಡಣೆ: ತನ್ನ ಹೆಸರು, ಮನೆತನದ ಹೆಸರು, ಎಲ್ಮ್‌ತಾರಿದ್ ಎಂಬ ತಮ್ಮ ಹೊಲಮನೆ, ಪಕ್ಕದ ಆಗುನ್ನಾರಿದ್ ಊರು. 1948ರಿಂದ ಪೀಠೋಪಕರಣ ಮಾರತೊಡಗಿದ. ಅವನಿಗೆ ಡಿಸ್ಲೆಕ್ಸಿಯಾ ಇತ್ತು, ಅಂದರೆ ಅಕ್ಷರ, ಅಂಕಿಗಳನ್ನು ಓದಿ ಹಿಡಿದಿಟ್ಟುಕೊಳ್ಳುವುದರಲ್ಲಿ ಹುಟ್ಟಿನಿಂದ ಬರುವ ತೊಡಕು. ಸರಕಿನ ನಂಬರು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ, ಹೆಸರು ಹೇಳಿದರೆ ವಸ್ತು ಕಣ್ಣೆದುರು ಬರುತ್ತಿತ್ತು. ಇಕಿಯಾದ ಹೆಸರಿಡುವ ಪದ್ಧತಿಯ ಬೇರು ಇದೇ. ಜಾಹೀರಾತಿನ ಜಾಣತನ ಆಮೇಲೆ ಸೇರಿಕೊಂಡದ್ದು.

ಹಾಗಂತ ನಂಬರನ್ನು ಅವರು ಬಿಟ್ಟಿಲ್ಲ. ಅಲ್ಲಿನ ಯಾವುದೇ ಚೀಟಿ ನೋಡಿ, ಹೆಸರಿನ ಜೊತೆ ಎಂಟು ಅಂಕಿಯ ಸಂಖ್ಯೆ ಇರುತ್ತದೆ. 'ಬಿಲ್ಲಿ' ಎಂಬುದು 1979ರಲ್ಲಿ ಗಿಲ್ಲಿಸ್ ಲುಂಡ್‌ಗ್ರೆನ್ ರೂಪಿಸಿದ ಪುಸ್ತಕದ ಕಪಾಟು. ಬರೀ ಪುಸ್ತಕ ಇಡುವುದಕ್ಕೇ ಒಂದು ಕಪಾಟು ಬೇಕು ಎಂದು ಒತ್ತಾಯಿಸಿದ ಜಾಹೀರಾತು ವಿಭಾಗದ ಬಿಲ್ಲಿ ಲಿಲ್ಯೆದಾಲ್ ಎಂಬ ಸಹೋದ್ಯೋಗಿಯ ಹೆಸರನ್ನೇ ಅದಕ್ಕಿಟ್ಟರು. ಇವತ್ತು ಆ ಒಂದೇ ಹೆಸರಿನಡಿ ಕುಳ್ಳದ್ದು, ಎತ್ತರದ್ದು, ಬಿಳಿ, ಕಪ್ಪು, ಗಾಜಿನ ಬಾಗಿಲಿನದು ಎಲ್ಲವೂ ಇವೆ. ಹೆಸರು ಒಂದೇ, ನಂಬರು ಬೇರೆ ಬೇರೆ.

ನೀವೂ ಹಾಗೇ ಮಾಡಿ. ಹೆಸರು ಸರಣಿಗೆ (ಒಂದೇ ವಿನ್ಯಾಸದ ಎಲ್ಲ ಅಳತೆ, ಬಣ್ಣಗಳ ಗುಂಪಿಗೆ), ಕೋಡ್ ಒಂದೊಂದು ಐಟಂಗೆ.

ಎಚ್ಚರ: ಒಂದೇ ಡಿಸೈನಿನ ಐದಡಿ ಮಂಚಕ್ಕೊಂದು, ಆರಡಿ ಮಂಚಕ್ಕೊಂದು ಹೆಸರಿಡಬೇಡಿ. ವರ್ಷದೊಳಗೆ ನಿಮಗೇ ಯಾವುದು ಯಾವುದೆಂದು ತಿಳಿಯದಾಗುತ್ತದೆ.

ಹಂತ 2: ಯಾವ ಬಗೆಯ ಹೆಸರು?

ಪೀಠೋಪಕರಣ ಲೋಕದಲ್ಲಿ ಹಲವು ದಾರಿಗಳಿವೆ. ಸ್ಥಳದಿಂದ: ಮೀಸ್ ವಾನ್ ಡೆರ್ ರೋಹೆ ಮತ್ತು ಲಿಲ್ಲಿ ರೈಷ್ 1929ರ ಬಾರ್ಸಿಲೋನಾ ವಸ್ತುಪ್ರದರ್ಶನದ ಜರ್ಮನ್ ಮಂಟಪಕ್ಕೆ ಮಾಡಿದ್ದು ಬಾರ್ಸಿಲೋನಾ ಕುರ್ಚಿ. ಆಕಾರದಿಂದ: ಆರ್ನೆ ಯಾಕೊಬ್ಸೆನ್ 1958ರಲ್ಲಿ ಕೋಪನ್‌ಹೇಗನ್ನಿನ ಹೋಟೆಲೊಂದಕ್ಕೆ ರೂಪಿಸಿದ ಎಗ್, ಸ್ವಾನ್ ಕುರ್ಚಿಗಳು. ಬರೀ ಸಂಕೇತದಿಂದ: ಹಾನ್ಸ್ ವೆಗ್ನರ್ ಅವರ ಸಿಎಚ್24, ಇಲ್ಲಿ ಸಿಎಚ್ ಎಂದರೆ ತಯಾರಕ ಕಾರ್ಲ್ ಹಾನ್ಸನ್.

ಈ ಕೊನೆಯದರ ಕಥೆ ಗಮನಿಸಬೇಕು. ಸಿಎಚ್24 ಎಂದು ಕರೆಯುವವರು ಕಡಿಮೆ, ಬೆನ್ನೊರಗಿನ ಆಕಾರ ನೋಡಿ ಜನ ಅದನ್ನು 'ವಿಶ್‌ಬೋನ್ ಕುರ್ಚಿ' (ವಿಶ್‌ಬೋನ್ ಎಂದರೆ ಕೋಳಿಯ ಎದೆಯ ಕವಲು ಮೂಳೆ) ಎಂದುಬಿಟ್ಟರು. ಮಾರ್ಸೆಲ್ ಬ್ರಾಯರ್ 1920ರ ದಶಕದಲ್ಲಿ ಉಕ್ಕಿನ ಕೊಳವೆ ಬಗ್ಗಿಸಿ ಮಾಡಿದ 'ಬಿ3' ಕುರ್ಚಿಗೂ ಹೀಗೇ ಆಯಿತು. ದಶಕಗಳ ನಂತರ ಅದನ್ನು ಮತ್ತೆ ತಯಾರಿಸಿದ ಇಟಲಿಯ ಗವೀನಾ ಕಂಪನಿ ಚಿತ್ರಕಾರ ವಾಸಿಲಿ ಕಾಂಡಿನ್‌ಸ್ಕಿಯ ನೆನಪಿಗೆ 'ವಾಸಿಲಿ' ಎಂದು ಕರೆಯಿತು, ಆ ಹೆಸರೇ ನಿಂತಿತು. ನೀವು ಹೆಸರಿಡದಿದ್ದರೆ ಇನ್ನೊಬ್ಬರು ಇಡುತ್ತಾರೆ. ಅದು ನಿಮಗೆ ಹಿಡಿಸಬೇಕೆಂದೇನಿಲ್ಲ.

'ರಾಯಲ್', 'ಪ್ರೀಮಿಯಂ', 'ಕಂಫರ್ಟ್', 'ಲಕ್ಷುರಿ' ಇವೂ ಒಂದು ಬಗೆ ಎನ್ನುವಿರಾದರೆ, ದಯವಿಟ್ಟು ಬಿಟ್ಟುಬಿಡಿ. ಊರಿನ ಪ್ರತಿ ಫರ್ನಿಚರ್ ಅಂಗಡಿಯಲ್ಲೂ ಒಂದು ರಾಯಲ್ ಸೋಫಾ ಇದೆ. ಕಾನೂನಿನ ತೊಡಕೂ ಇದೆ, ಅದನ್ನು ಆರನೇ ಹಂತದಲ್ಲಿ ನೋಡೋಣ.

ಹಂತ 3: ಪ್ರತಿ ವಿಭಾಗಕ್ಕೂ ಒಂದು ಹೆಸರಿನ ಕುಟುಂಬ

ಇಡೀ ಕೆಲಸದ ತಿರುಳು ಇದೇ, ಇಲ್ಲಿ ಆತುರ ಬೇಡ. ಇಕಿಯಾದ ಪದ್ಧತಿ ಸ್ಥೂಲವಾಗಿ ಹೀಗಿದೆ. ಸೋಫಾ, ಟೀಪಾಯಿಗಳಿಗೆ ಸ್ವೀಡನ್ನಿನ ಊರುಗಳು: ಕ್ಲಿಪ್ಪನ್, ಎಕ್ಟೊರ್ಪ್, ಕಿವಿಕ್. ಮಂಚ, ವಾರ್ಡ್‌ರೋಬ್‌ಗಳಿಗೆ ನಾರ್ವೆಯ ಊರುಗಳು: ಮಾಲ್ಮ್, ಹೆಮ್ನೆಸ್. ಊಟದ ಮೇಜು, ಕುರ್ಚಿಗಳಿಗೆ ಫಿನ್ಲೆಂಡಿನವು. ನೆಲಹಾಸಿಗೆ ಡೆನ್ಮಾರ್ಕಿನವು. ತೋಟದ ಪೀಠೋಪಕರಣಕ್ಕೆ ದ್ವೀಪಗಳು. ಬಾತ್‌ರೂಮ್ ಸಾಮಾನಿಗೆ ಕೆರೆ, ಹೊಳೆ, ಕೊಲ್ಲಿಗಳು. ಪರದೆ, ಬಟ್ಟೆಗಳಿಗೆ ಹೆಣ್ಣುಮಕ್ಕಳ ಹೆಸರು, ಬರೆಯುವ ಮೇಜು, ಕುರ್ಚಿಗಳಿಗೆ ಗಂಡಸರದು. ದೀಪಗಳಿಗೆ ಸಂಗೀತ, ಹವಾಮಾನ, ಅಳತೆ, ತೂಕದ ಪದಗಳು. ಹಾಸಿಗೆ ಹೊದಿಕೆಗಳಿಗೆ ಹೂವು, ಗಿಡ. ವಿನಾಯಿತಿಗಳೂ ಇವೆ. ಹೆಸರು ಆರಿಸುವುದು ಡಿಸೈನರ್ ಅಲ್ಲ, ಸ್ವೀಡನ್ನಿನ ಎಲ್ಮ್‌ಹುಲ್ಟ್ ಊರಿನಲ್ಲಿ ಅದಕ್ಕೆಂದೇ ಇರುವ ಕೆಲವೇ ಜನ. ಹೊಸ ಸೋಫಾ ಬಂದರೆ ಅವರು ಕಲ್ಪನೆಯನ್ನು ಹಿಂಡಬೇಕಿಲ್ಲ, ಊರುಗಳ ಪಟ್ಟಿ ತೆರೆದರಾಯಿತು.

ಈಗ ನಿಮ್ಮ ಅಂಗಡಿಗೆ ಬನ್ನಿ. ಒಂದು ಮಾದರಿ ಹೀಗಿರಬಹುದು:

ಊಟದ ಮೇಜು, ಕುರ್ಚಿ – ಕರ್ನಾಟಕದ ಸಣ್ಣ ಊರುಗಳು: ಲಕ್ಕುಂಡಿ, ಬನವಾಸಿ, ಆಗುಂಬೆ.
ಪುಸ್ತಕದ ಕಪಾಟು, ಶೆಲ್ಫ್ – ಹಕ್ಕಿಗಳು: ಮಿಂಚುಳ್ಳಿ, ಗೊರವಂಕ, ಗೀಜಗ.
ಕುಶನ್, ಬೆಡ್‌ಶೀಟ್ – ಹೂಗಳು: ಸುರಗಿ, ಬಕುಳ, ಕೇದಿಗೆ.
ದೀಪ – ಮಳೆ ನಕ್ಷತ್ರಗಳು: ರೋಹಿಣಿ, ಮೃಗಶಿರ, ಆರಿದ್ರ, ಸ್ವಾತಿ.

ಕುಟುಂಬ ಆರಿಸುವಾಗ ಮೂರು ವಿಷಯ ನೋಡಿಕೊಳ್ಳಿ.

ಮೊದಲನೆಯದು, ಸಂಖ್ಯೆ ಸಾಲುತ್ತದೆಯೇ? ನಕ್ಷತ್ರಗಳು 27, ಮುಗಿದರೆ ಮುಗಿಯಿತು. ವರ್ಷಕ್ಕೆ ನಾಲ್ಕು ದೀಪ ಹೊರತರುವವರಿಗೆ ಅದು ಧಾರಾಳ. ಕುರ್ಚಿ ಮಾಡುವವರಿಗೆ ಸಾಲದು, ಅವರಿಗೆ ಊರುಗಳೇ ಸರಿ.

ಎರಡನೆಯದು, ಆ ಹೆಸರು ಯಾರಿಗಾದರೂ ಪೂಜ್ಯವೇ? ನದಿಗಳ ಹೆಸರು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಕಾವೇರಿ, ತುಂಗಾ, ನೇತ್ರಾವತಿ, ಹೇಮಾವತಿ: ಕೇಳಲು ಇಂಪು, ಪಟ್ಟಿಯೂ ಉದ್ದ. ಆದರೆ ಈ ಹೊಳೆಗಳಿಗೆ ಬಾಗಿನ ಬಿಡುವ ಜನ ನಾವು. ಡೈನಿಂಗ್ ಟೇಬಲ್‌ಗೆ ಕಾವೇರಿ ಎಂದರೆ ಯಾರೂ ಏನೂ ಅನ್ನಲಿಕ್ಕಿಲ್ಲ, ಅದೇ ಹೆಸರಿನ ಶೂ ರ್ಯಾಕ್ ತಂದು ನಿಲ್ಲಿಸಿದರೆ ಸಂಜೆಯೊಳಗೆ ಫೋನ್ ಬರುತ್ತದೆ. ಹೆಣ್ಣುಮಕ್ಕಳಿಗೂ ಇವೇ ಹೆಸರು ಎಂಬುದನ್ನು ಮರೆಯಬೇಡಿ. 'ತುಂಗಾ ಮೇಲೆ ಕೂತ್ಕೊಳ್ಳಿ' ಎಂದು ಸೇಲ್ಸ್‌ಮನ್ ಹೇಳುವುದನ್ನು ಒಮ್ಮೆ ಕಲ್ಪಿಸಿಕೊಳ್ಳಿ.

ಇದು ನಮ್ಮಲ್ಲಿ ಮಾತ್ರ ಏಳುವ ತಕರಾರಲ್ಲ. ಸೋಫಾಕ್ಕೆ ಸ್ವೀಡನ್ನಿನ ಊರು, ಕಾಲೊರಸುವ ಚಾಪೆಗೆ ನಮ್ಮ ಊರೇ ಎಂದು 2008ರಲ್ಲಿ ಡೆನ್ಮಾರ್ಕಿನಲ್ಲಿ ಗೊಣಗಾಟ ಎದ್ದು ಪತ್ರಿಕೆಗಳಿಗೂ ಬಂತು. ಸ್ವೀಡನ್ನಿನ ಬೊಲ್ಮೆನ್ ಸರೋವರದ ಪಾಡು ಇನ್ನೂ ಹೆಚ್ಚು. ಇಕಿಯಾ ಆ ಹೆಸರನ್ನು ಕೊಟ್ಟದ್ದು ಟಾಯ್ಲೆಟ್ ಬ್ರಷ್‌ಗೆ. ಕಡೆಗೆ 2021ರಲ್ಲಿ ಸ್ವೀಡನ್ನಿನ ಪ್ರವಾಸೋದ್ಯಮ ಸಂಸ್ಥೆಯೇ ಹೀಗೆ ಹೆಸರು ಕಳಕೊಂಡ ಊರು, ಕೆರೆಗಳನ್ನು ಸೇರಿಸಿ 'ಅಸಲಿ ಜಾಗ ನೋಡಬನ್ನಿ' ಎಂಬರ್ಥದ ಪ್ರಚಾರ ನಡೆಸಿತು. ಅಷ್ಟು ದೊಡ್ಡ ಕಂಪನಿಗೆ ಅದು ತಮಾಷೆಯಾಗಿ ಕಳೆದುಹೋಯಿತು. ಸಣ್ಣ ಅಂಗಡಿಗೆ ಆ ರಿಯಾಯಿತಿ ಸಿಗುವುದಿಲ್ಲ.

ಮೂರನೆಯದು, ವಸ್ತುವಿಗೂ ಹೆಸರಿಗೂ ಜಗಳವಿದೆಯೇ? ಹಕ್ಕಿಗಳ ಕುಟುಂಬ ಚೆನ್ನಾಗಿದೆ, ಆದರೆ ಮರದ ಕಪಾಟಿಗೆ ಮರಕುಟಿಗ ಎನ್ನಬೇಡಿ.

ಹಂತ 4: ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ

ಕನ್ನಡದಲ್ಲಿ ಎಷ್ಟೇ ಅಂದವಾಗಿರಲಿ, ಆನ್‌ಲೈನ್ ಗಿರಾಕಿ ಟೈಪ್ ಮಾಡುವುದು ಬಹುಪಾಲು ಇಂಗ್ಲಿಷ್ ಅಕ್ಷರದಲ್ಲಿ. ಹೆಚ್ಚಿನವರು ಜಾರುವುದು ಇಲ್ಲೇ. 'ಹೊಳೆ' ಎಂಬ ಹೆಸರನ್ನು ಆ ಅಕ್ಷರಗಳಲ್ಲಿ ಬರೆಯಿರಿ: ಎಚ್, ಒ, ಎಲ್, ಇ. ಇಂಗ್ಲಿಷ್ ಬಲ್ಲವನಿಗೆ ಅದು ತೂತು. ಹೊಸ ಮೇಜಿಗೆ ಯಾರಾದರೂ ಆ ಹೆಸರಿಡುತ್ತಾರೆಯೇ? 'ಅಲೆ' ಬರೆದರೆ ಒಂದು ಬಗೆಯ ಬಿಯರ್ ಆಗುತ್ತದೆ. 'ಮನೆ' ಕುದುರೆಯ ಕೇಸರವಾಗುತ್ತದೆ. ಇಕಿಯಾಗೂ ಈ ಪೆಟ್ಟು ಬಿದ್ದಿದೆ. ಮಕ್ಕಳ ಮೇಜೊಂದಕ್ಕೆ ಅವರು 'ಫಾರ್ಟ್‌ಫುಲ್' ಎಂದಿಟ್ಟಿದ್ದರು. ಸ್ವೀಡಿಷ್‌ನಲ್ಲಿ 'ಫಾರ್ಟ್' ಎಂದರೆ ವೇಗ. ಇಂಗ್ಲಿಷ್‌ನಲ್ಲಿ ಏನೆಂದು ಶಾಲೆಯ ಹುಡುಗರಿಗೂ ಗೊತ್ತು.

ಇನ್ನೊಂದು ತೊಂದರೆ ಕಾಗುಣಿತದ್ದು. ಳ, ಲ, ಣ, ನ, ದೀರ್ಘ, ಹ್ರಸ್ವ: ಇಂಗ್ಲಿಷ್ ಅಕ್ಷರದಲ್ಲಿ ಇವೆಲ್ಲ ಕಲಸಿಹೋಗುತ್ತವೆ. 'ಬಾಳೆ' ಎಂಬುದನ್ನು ಐದು ಜನ ಐದು ಬಗೆಯಾಗಿ ಬರೆಯಬಹುದು, ಹುಡುಕಿದವರಿಗೆ ನಿಮ್ಮ ಐಟಂ ಸಿಗುವುದಿಲ್ಲ. ಆದ್ದರಿಂದ ಎರಡು, ಮೂರು ಅಕ್ಷರದ, ಒಂದೇ ರೀತಿ ಬರೆಯಬಹುದಾದ ಹೆಸರುಗಳನ್ನು ಪಟ್ಟಿಯ ಮೇಲಕ್ಕೆ ತನ್ನಿ. 'ಸುರಗಿ' ಉಳಿಯುತ್ತದೆ. 'ಮುಳ್ಳಯ್ಯನಗಿರಿ' ಬೆಟ್ಟವಾಗಿಯೇ ಇರಲಿ.

ಹಂತ 5: ನೆರೆಭಾಷೆಯವರ ಕಿವಿಗೆ ಹಾಕಿ

ಇಕಿಯಾ 2011ರಲ್ಲಿ ಬ್ಯಾಂಕಾಕ್ ಬಳಿ ಮಳಿಗೆ ತೆರೆಯುವ ಮುನ್ನ ಥಾಯ್ ಭಾಷಿಕರ ತಂಡವೊಂದನ್ನು ಕೂರಿಸಿ ತನ್ನ ಹೆಸರುಗಳನ್ನೆಲ್ಲ ಓದಿಸಿತು. ನಾರ್ವೆಯ ಒಂದು ಊರಿನ ಹೆಸರು ಹೊತ್ತ 'ರೆಡಾಲೆನ್' ಮಂಚ, 'ಯೆತ್ತೆಬ್ರಾ' ಎಂಬ ಹೂಕುಂಡ ಥಾಯ್ ಕಿವಿಗೆ ಅಶ್ಲೀಲವಾಗಿ ಕೇಳಿಸುತ್ತಿದ್ದವು. ಅಂಥ ಕಡೆ ಥಾಯ್ ಲಿಪಿಯಲ್ಲಿ ಬರೆಯುವಾಗ ಒಂದು ಸ್ವರವನ್ನೋ ವ್ಯಂಜನವನ್ನೋ ಬದಲಿಸಿ ಮಾನ ಉಳಿಸಿಕೊಂಡರು.

ಬೆಂಗಳೂರಿನಲ್ಲಿ ಕೂತು ಮಾರುವವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ, ಏಕೆಂದರೆ ಇಲ್ಲಿ ಗಿರಾಕಿಗಳು ಆರೇಳು ಭಾಷೆಯವರು. ಹಗ್ಗ ನೇಯ್ದ ಮಂಚಕ್ಕೆ 'ಹಗ್ಗ' ಎಂದೇ ಹೆಸರಿಟ್ಟರೆ ನಮಗೆ ಸಹಜ, ಸೊಗಸು. ಹಿಂದಿಯವರ ಕಿವಿಗೆ ಅದು ಬೆಳಗಿನ ಚೊಂಬಿನ ಮಾತು.

ಪರೀಕ್ಷೆ ಮಾಡುವ ಕ್ರಮ: ಹೆಸರನ್ನು ಬರೆದು ಕೊಡಬೇಡಿ, ಬಾಯಲ್ಲಿ ಹೇಳಿ. "ಇದು ಏನನ್ನಿಸುತ್ತೆ?" ಎಂದಷ್ಟೇ ಕೇಳಿ, ಅರ್ಥ ವಿವರಿಸಬೇಡಿ. ನಗು ಬಂದರೆ ಯಾಕೆಂದು ಒತ್ತಾಯಿಸಿ ತಿಳಿದುಕೊಳ್ಳಿ. ಸಂಕೋಚಕ್ಕೆ "ಏನಿಲ್ಲ ಬಿಡಿ ಸಾರ್" ಎಂದು ಜಾರಿಕೊಳ್ಳುವವರೇ ಹೆಚ್ಚು, ಆ 'ಏನಿಲ್ಲ'ದಲ್ಲೇ ವಿಷಯವಿರುತ್ತದೆ. ತುಳು, ಕೊಂಕಣಿ, ಉರ್ದು, ಮರಾಠಿ ಮಾತಾಡುವವರನ್ನೂ ಕೇಳಿ, ಹುಬ್ಬಳ್ಳಿ ಬೆಳಗಾವಿ ಕಡೆಗೆ ಮಾರುವವರಂತೂ ಮರಾಠಿಯವರನ್ನು ಬಿಡಲೇಬೇಡಿ.

ಹಂತ 6: ಕಾನೂನಿನ ಜರಡಿ

ಭಾರತದಲ್ಲಿ ಹೆಸರಿನ ಹಕ್ಕನ್ನು ನೋಡಿಕೊಳ್ಳುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ. ಟ್ರೇಡ್‌ಮಾರ್ಕ್ ಎಂದರೆ ಒಬ್ಬರ ಸರಕನ್ನು ಇನ್ನೊಬ್ಬರದರಿಂದ ಬೇರ್ಪಡಿಸಿ ತೋರಿಸುವ ಹೆಸರು ಅಥವಾ ಗುರುತು. ಸರಕುಗಳನ್ನು 'ಕ್ಲಾಸ್'ಗಳಾಗಿ ವಿಂಗಡಿಸಿದ್ದಾರೆ. ಪೀಠೋಪಕರಣ 20ನೇ ಕ್ಲಾಸ್, ದೀಪ 11, ಬಟ್ಟೆ ಮತ್ತು ಹಾಸಿಗೆ ಹೊದಿಕೆ 24, ನೆಲಹಾಸು 27.

ಟ್ರೇಡ್‌ಮಾರ್ಕ್ ನೋಂದಣಿ ಇಲಾಖೆಯ ಜಾಲತಾಣದಲ್ಲಿ 'ಪಬ್ಲಿಕ್ ಸರ್ಚ್' ಇದೆ. ನಿಮ್ಮ ಕ್ಲಾಸ್ ಸಂಖ್ಯೆ ಹಾಕಿ ಎರಡು ಬಗೆಯಲ್ಲಿ ಹುಡುಕಿ. ಒಂದು ವರ್ಡ್‌ಮಾರ್ಕ್, ಅಂದರೆ ಅದೇ ಅಕ್ಷರಗಳು. ಇನ್ನೊಂದು ಫೊನೆಟಿಕ್, ಅಂದರೆ ಕೇಳಲು ಹಾಗೇ ಇರುವವು. ಎರಡನೆಯದನ್ನು ಬಿಟ್ಟು ಸಿಕ್ಕಿಬಿದ್ದವರು ಬಹಳ.

ಜರಡಿಯಲ್ಲಿ ನಿಲ್ಲದ ಹೆಸರುಗಳು ಇವು:

ವಸ್ತುವಿನ ಗುಣವನ್ನೇ ಹೇಳುವಂಥವು. 'ಸುಖಾಸನ', 'ಗಟ್ಟಿ ಮಂಚ', 'ರಾಯಲ್ ಕಂಫರ್ಟ್' ಇಂಥವನ್ನು ಯಾರೂ ಬಳಸಬಹುದಾದ್ದರಿಂದ ಒಬ್ಬರ ಹೆಸರಿಗೆ ಬರೆದುಕೊಡುವುದು ಕಷ್ಟ. ಕ್ಲಿಪ್ಪನ್ ನೋಡಿ. ಆ ಊರು ಹೆಸರಾದದ್ದು ಹಳೆಯ ಕಾಗದದ ಗಿರಣಿಗೆ, ಸೋಫಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹೆಸರಿಗೆ ಬಲ ಬರುವುದು ಹೀಗೆ ಸಂಬಂಧವಿಲ್ಲದಿದ್ದಾಗ.

ಮೋಸ ಮಾಡುವಂಥವು. ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಕಪಾಟಿಗೆ 'ಸಾಗುವಾನಿ' ಎಂದು ಹೆಸರಿಡಬೇಡಿ. ಹೆಸರಷ್ಟೇ, ಮರವಲ್ಲ ಎಂಬ ವಾದ ನಿಲ್ಲುವುದಿಲ್ಲ.

ಜಿಐ ಇರುವ ಊರುಗಳು. ಜಿಐ ಅಂದರೆ ಭೌಗೋಳಿಕ ಸೂಚಕ, ಒಂದು ಪ್ರದೇಶದ ವಿಶಿಷ್ಟ ಸರಕಿಗೆ ಆ ಪ್ರದೇಶದ ಹೆಸರನ್ನು ಕಾಯ್ದಿರಿಸುವ ಮಾನ್ಯತೆ. ಚನ್ನಪಟ್ಟಣದ ಗೊಂಬೆ, ಆಟಿಕೆಗಳಿಗೂ ಮೈಸೂರಿನ ಬೀಟೆ ಮರದ ಇನ್‌ಲೇ (ಮರದಲ್ಲಿ ಬೇರೆ ಬಣ್ಣದ ತುಂಡು ಕೂರಿಸುವ) ಕೆಲಸಕ್ಕೂ ಅದಿದೆ. ಬಣ್ಣ ಹಚ್ಚಿದ ಸ್ಟೂಲಿಗೆ 'ಚನ್ನಪಟ್ಟಣ' ಎಂದು, ಬೀಟೆಯ ಮೇಜಿಗೆ 'ಮೈಸೂರು' ಎಂದು ಇಡುವ ಆಸೆ ಬಹಳ ಜನರಿಗೆ. ನೀವು ಅಲ್ಲಿನ ಅಧಿಕೃತ ಬಳಕೆದಾರರಲ್ಲದಿದ್ದರೆ ದೂರವಿರಿ. ಸಣ್ಣ ಊರು ಆರಿಸಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಹೆಸರಾಂತ ಡಿಸೈನರ್‌ಗಳ, ಅವರ ವಿನ್ಯಾಸಗಳ ಹೆಸರುಗಳು. 'ಈಮ್ಸ್ ಚೇರ್' (ಈಮ್ಸ್ ಎಂದರೆ ಅಮೆರಿಕದ ವಿನ್ಯಾಸಕ ದಂಪತಿ), 'ಬಾರ್ಸಿಲೋನಾ ಸೋಫಾ' ಎಂದು ನಕಲನ್ನು ಮಾರುವುದು ಪೇಟೆಯಲ್ಲಿ ಮಾಮೂಲಾಗಿಹೋಗಿದೆ. ಆ ಹೆಸರುಗಳಿಗೆ ಒಡೆಯರಿದ್ದಾರೆ.

ದೇವರು, ಧರ್ಮಚಿಹ್ನೆ, ರಾಷ್ಟ್ರಲಾಂಛನಗಳ ಬಗ್ಗೆ ಹೇಳಬೇಕಿಲ್ಲ.

ಎಲ್ಲ ಹೆಸರನ್ನೂ ನೋಂದಾಯಿಸಬೇಕೇ? ಬೇಡ. ಮೊದಲು ಅಂಗಡಿಯ ಹೆಸರು, ಆಮೇಲೆ ಚೆನ್ನಾಗಿ ಓಡುತ್ತಿರುವ ಒಂದೆರಡು ಸರಣಿಯ ಹೆಸರು ಸಾಕು. ಆನ್‌ಲೈನ್ ಅರ್ಜಿಗೆ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮಗಳಿಗೆ ಒಂದು ಕ್ಲಾಸ್‌ಗೆ ₹4,500 ಶುಲ್ಕ, ಉಳಿದವರಿಗೆ ₹9,000. ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಅರ್ಜಿ ಒಪ್ಪಿತವಾಗಿ ಇಲಾಖೆಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ನಾಲ್ಕು ತಿಂಗಳು ಅವಕಾಶವಿದೆ. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು.

ಎಚ್ಚರ: ಹೆಸರಿನ ಪಕ್ಕ 'ಟಿಎಂ' ಗುರುತನ್ನು ಯಾರೂ ಹಾಕಿಕೊಳ್ಳಬಹುದು. ವೃತ್ತದೊಳಗಿನ 'ಆರ್' ಗುರುತು ನೋಂದಣಿಯಾದ ಮೇಲೆ ಮಾತ್ರ. ಅರ್ಜಿ ಹಾಕಿದ ದಿನವೇ ಅದನ್ನು ಅಚ್ಚುಹಾಕಿಸುವುದು ಕಾನೂನುಬಾಹಿರ.

ಹಂತ 7: ಫೋನಿನಲ್ಲಿ ಹೇಳಿ ನೋಡಿ

ಉಳಿದ ಹೆಸರುಗಳನ್ನು ಪಾಲಿಶ್ ಮಾಡುವ ಹುಡುಗನಿಗೆ, ಟೆಂಪೋ ಚಾಲಕನಿಗೆ, ಬಿಲ್ ಬರೆಯುವವರಿಗೆ ಫೋನಿನಲ್ಲಿ ಹೇಳಿ, ಬರೆದುಕೊಳ್ಳಲು ಹೇಳಿ. ಒಂದೇ ಸಲಕ್ಕೆ ಸರಿಯಾಗಿ ಬರೆದರೆ ಹೆಸರು ಪಾಸು. ಒಂದಕ್ಕೊಂದು ಪ್ರಾಸವಾಗುವ ಎರಡು ಹೆಸರು ಒಂದೇ ವಿಭಾಗದಲ್ಲಿ ಬೇಡ. 'ಬಕುಳ' ಬೇಕೆಂದವರ ಮನೆಗೆ 'ಮುಕುಳ' ಹೋಗಿ ನಿಂತರೆ ವಾಪಸ್ ತರುವ ಬಾಡಿಗೆ ನಿಮ್ಮದೇ.

ಹಂತ 8: ರಿಜಿಸ್ಟರಿನಲ್ಲಿ ಬರೆದಿಡಿ, ಸುಮ್ಮನೆ ಬದಲಿಸಬೇಡಿ

ಪ್ರತಿ ಹೆಸರಿಗೂ ಒಂದು ಸಾಲು: ಹೆಸರು, ಇಂಗ್ಲಿಷ್ ಕಾಗುಣಿತ, ವಿಭಾಗ, ಎಸ್‌ಕೆಯುಗಳು, ಟ್ರೇಡ್‌ಮಾರ್ಕ್ ಹುಡುಕಿದ ದಿನಾಂಕ, ಪೇಟೆಗೆ ಬಂದ ದಿನಾಂಕ, ನಿಲ್ಲಿಸಿದ ದಿನಾಂಕ. ತಿರಸ್ಕರಿಸಿದ ಹೆಸರುಗಳನ್ನೂ ಕಾರಣ ಸಮೇತ ಬರೆದಿಡಿ, ಇಲ್ಲವಾದರೆ ಮುಂದಿನ ವರ್ಷ ಅದೇ 'ಹೊಳೆ' ಮತ್ತೆ ಹರಿದುಬರುತ್ತದೆ.

ಡಿಸೈನ್ ಸ್ವಲ್ಪ ತಿದ್ದಿದಾಗ ಹೆಸರೂ ಬದಲಾಗಬೇಕೇ ಎಂಬುದು ಕಷ್ಟದ ಪ್ರಶ್ನೆ. ಇಕಿಯಾ 1976ರ 'ಪೊಯೆಮ್' ಕುರ್ಚಿಯನ್ನು 1992ರಲ್ಲಿ 'ಪೊಎಂಗ್' ಎಂದು ಬದಲಿಸಿತು, ಹೊಸ ಹೆಸರೇ ಹೆಚ್ಚು ಪ್ರಸಿದ್ಧವಾಯಿತು. ಆದರೆ 2014ರಲ್ಲಿ 'ಎಕ್ಸ್‌ಪೆಡಿಟ್' ಶೆಲ್ಫ್ ನಿಲ್ಲಿಸಿ, ಹೊರಚೌಕಟ್ಟು ತುಸು ತೆಳುವಾದ 'ಕಾಲಾಕ್ಸ್' ತಂದಾಗ ಜರ್ಮನಿಯ ಗಿರಾಕಿಗಳು ಹಳೆಯದನ್ನು ಉಳಿಸಿ ಎಂದು ಫೇಸ್‌ಬುಕ್‌ನಲ್ಲಿ ಗುಂಪುಕಟ್ಟಿದರು. ನನ್ನ ಅಭಿಪ್ರಾಯ ಇಷ್ಟು: ಹಳೆಯ ಬಿಡಿಭಾಗ ಹೊಸದಕ್ಕೆ ಹೊಂದುವುದಾದರೆ ಹೆಸರು ಮುಟ್ಟಬೇಡಿ. ಹೊಂದದಿದ್ದರೆ ಬದಲಿಸಿ, ಇಲ್ಲವಾದರೆ 'ಲಕ್ಕುಂಡಿ'ಯ ಕಾಲು ಕೇಳಿ ಬಂದವರಿಗೆ ಯಾವ ಲಕ್ಕುಂಡಿ ಎಂದು ಪ್ರತಿ ಸಲ ವಿಚಾರಿಸಬೇಕಾಗುತ್ತದೆ.

ನಿಲ್ಲಿಸಿದ ಸರಣಿಯ ಹೆಸರನ್ನು ಬೇರೆ ವಸ್ತುವಿಗೆ ಕೊಡುವ ಮುನ್ನ ಕೆಲವು ವರ್ಷ ಬಿಡಿ. ವಾರಂಟಿ ಚಾಲ್ತಿಯಲ್ಲಿರುವಷ್ಟು ಕಾಲವಂತೂ ಕೊಡಲೇಬೇಡಿ.